ಮುಯಂಗ್ ಎಡಕ್ಕೆ ತಿರುಗಿದ ಶನಿವಾರ

ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಹೋಗುವುದು ಮಣಿಕಟ್ಟು, ಆಮೇಲೆ ಸೊಂಟ. ಜಂಗ್‌ಹ್ವಾಳಿಗೆ ಎರಡೂ ಹೋಗಿದ್ದವು. ಇಡೀ ಶಾಲೆಗಾಗುವಷ್ಟು ಸಾರು ಕುದಿಯುವ ಹಂಡೆಯನ್ನು ಅವಳು ಆಳೆತ್ತರದ ಸಟ್ಟುಗದಿಂದ ತಿರುವಬೇಕು. ಕರಿದ ಎಣ್ಣೆಯ ಹೊಗೆ ಕುಡಿದು ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಮನೆಗೆ ಬಂದು ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿದರೆ, ಏಳಲು ಗೋಡೆ ಹಿಡಿಯಬೇಕಿತ್ತು.

ಅಂಥವಳು ಶನಿವಾರ ಬಂತೆಂದರೆ ತುಟಿಗೆ ಬಣ್ಣ ಹಚ್ಚಿಕೊಂಡು ಸುರಂಗದ ರೈಲು ಹತ್ತಿ ಸಿಯೋಲಿನ ನಾಟಕದ ಬೀದಿ ಹ್ಯೆಹ್ವಾಗೆ ಹೊರಡುತ್ತಿದ್ದಳು. ಅಲ್ಲಿ ನೆಲಮಾಳಿಗೆಯ ಒಂದು ಪುಟ್ಟ ರಂಗಮಂದಿರದಲ್ಲಿ ‘ಮಂಜು ನದಿಯ ದೋಣಿ’ ಎಂಬ ಹಾಡುನಾಟಕ ನಡೆಯುತ್ತಿತ್ತು. ಅದನ್ನು ಮೊದಲ ಸಲ ನೋಡಿದ್ದು ಟೀಚರೊಬ್ಬರು ಹೋಗಲಾಗದೆ ಕೊಟ್ಟ ಟಿಕೆಟಿನಲ್ಲಿ. ಆಮೇಲೆ ಎಷ್ಟು ಸಲ ನೋಡಿದಳೋ ಅವಳೇ ಲೆಕ್ಕ ಬಿಟ್ಟಿದ್ದಳು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಅವಳು ಚಪ್ಪಲಿ ಮೆಟ್ಟುವಾಗಲೆಲ್ಲ ಒಂದು ಮಾತು ಒಗೆಯುತ್ತಿದ್ದ.

“ಅದೇ ದೋಣಿ, ಅದೇ ನದಿ. ಇವತ್ತಾದ್ರೂ ಆಚೆ ದಡ ಮುಟ್ತಾನಾ ಕೇಳ್ಕೊಂಡು ಬಾ.”

“ನೀನು ದಿನಾ ಅದೇ ರಸ್ತೇಲಿ ಬಸ್ಸು ಓಡಿಸ್ತೀಯಲ್ಲ, ನಾನು ಕೇಳ್ತೀನಾ?”

ಕಥೆ ದೊಡ್ಡದೇನಲ್ಲ. ಯುದ್ಧದ ಕಾಲ. ಅಣ್ಣ ದೋಣಿ ನಡೆಸುವವನು. ತಮ್ಮನೊಡನೆ ಜಗಳವಾಗಿ, ಅವನನ್ನು ದೋಣಿಗೆ ಹತ್ತಿಸಿಕೊಳ್ಳದೆ ಬಿಟ್ಟುಬಿಡುತ್ತಾನೆ. ತಮ್ಮ ಮಂಜಿನಲ್ಲಿ ನದಿಗಿಳಿಯುತ್ತಾನೆ. ದಡ ಸೇರಿದನೋ ಇಲ್ಲವೋ ನಾಟಕ ಹೇಳುವುದಿಲ್ಲ. ಕೊನೆಗೆ ಮುದುಕನಾದ ಅಣ್ಣ ಹುಟ್ಟನ್ನು ಕೆಳಗಿಟ್ಟು, ನೇರ ಮುಂದೆ ನೋಡುತ್ತ ಒಂದು ಹಾಡು ಹಾಡುತ್ತಾನೆ. ದೀಪ ಆರುತ್ತದೆ.

ಇಷ್ಟಕ್ಕೇ ಅಭಿಮಾನಿಗಳಲ್ಲಿ ಎರಡು ಪಕ್ಷಗಳಾಗಿದ್ದವು. ತಮ್ಮ ಮುಳುಗಿದ ಅನ್ನುವವರು ಒಂದು ಕಡೆ, ಈಜಿದ ಅನ್ನುವವರು ಇನ್ನೊಂದು ಕಡೆ. ನಾಟಕ ಮುಗಿದ ಮೇಲೆ ಎದುರಿನ ನೂಡಲ್ಸ್ ಅಂಗಡಿಯಲ್ಲಿ ಕೂತು ವಾದಿಸುವವರ ಬಟ್ಟಲಿನಲ್ಲಿ ನೂಡಲ್ಸು ಉಬ್ಬಿ ಮುದ್ದೆಯಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಓದುವ ದಾರಿನ್ ಎಂಬ ಹುಡುಗಿ ಈಜಿದ ಪಕ್ಷದವಳು. ಅವಳು ಅಂತರ್ಜಾಲದಲ್ಲಿ ಬರೆಯುವ ಉದ್ದುದ್ದ ವಿಮರ್ಶೆಗಳನ್ನು ಎಲ್ಲರೂ ಓದುತ್ತಿದ್ದರು. ದೊಂಗ್‌ದೆಮುನ್ ಮಾರುಕಟ್ಟೆಯಲ್ಲಿ ಗುಂಡಿ ಅಂಗಡಿ ಇಟ್ಟಿರುವ ಸುನ್‌ಬೋಕ್ ಮುಳುಗಿದ ಪಕ್ಷ. ಅರವತ್ತು ದಾಟಿದ ಹೆಂಗಸು, ಅಲುಗಾಡುವವಳಲ್ಲ. ಜಂಗ್‌ಹ್ವಾಳನ್ನು ಕೇಳಿದರೆ ಮಾತ್ರ ಉತ್ತರ ಬೇರೆ.

“ನಂಗೆ ಅವನು ಹುಟ್ಟು ಕೆಳಗಿಡ್ತಾನಲ್ಲ, ಅದು ಇಷ್ಟ. ಕೈ ಎಷ್ಟು ಹಗುರ ಆಗ್ಬೇಕು.”

“ಇವಳ ವಿಮರ್ಶೆಯೆಲ್ಲ ಮಣಿಕಟ್ಟಲ್ಲೇ ಇದೆ,” ಎಂದು ಸುನ್‌ಬೋಕ್ ನಗುತ್ತಿದ್ದಳು.

ಆದರೆ ಸುನ್‌ಬೋಕ್ ಯಾಕೆ ಮುಳುಗಿದ ಪಕ್ಷ ಎಂಬುದು ಜಂಗ್‌ಹ್ವಾಳಿಗೆ ಗೊತ್ತಿತ್ತು. ಅವಳ ತಂಗಿ ತಾನೇ ಮೆಚ್ಚಿದವನನ್ನು ಮದುವೆಯಾದಳೆಂದು ಸುನ್‌ಬೋಕ್ ಮಾತು ಬಿಟ್ಟಿದ್ದಳು. ಬಿಟ್ಟ ಮಾತು ಕೂಡುವ ಮೊದಲೇ ತಂಗಿ ಆಸ್ಪತ್ರೆಯಲ್ಲಿ ತೀರಿಹೋದಳು. ಸ್ಮಶಾನದ ಗೋಡೆಯ ಗೂಡಿನಲ್ಲಿ ಅವಳ ಬೂದಿ ಇಟ್ಟ ಜಾಗಕ್ಕೆ ಸುನ್‌ಬೋಕ್ ಒಮ್ಮೆಯೂ ಹೋಗಿರಲಿಲ್ಲ. “ಯಾವ ಮುಖ ಇಟ್ಕೊಂಡು ಹೋಗ್ಲಿ,” ಎಂದು ಒಂದು ದಿನ ಬಟ್ಟಲಿಗೆ ಹೇಳುವವಳಂತೆ ಹೇಳಿದ್ದಳು.

ಆ ರಂಗಮಂದಿರದ ಪ್ರೇಕ್ಷಕರಲ್ಲಿ ಯಾರೂ ಬರೆಯದ ಒಂದು ಕಾನೂನಿತ್ತು: ಹೆಣದ ಹಾಗೆ ಕೂತು ನೋಡಬೇಕು. ಕೆಮ್ಮುವಂತಿಲ್ಲ, ಜಾಕೆಟ್ಟು ಸರಗುಟ್ಟಬಾರದು, ಮುಂದೆ ಬಾಗಿದರೆ ಹಿಂದಿನವರು ಬೆನ್ನಿಗೆ ಬೆರಳಿನಿಂದ ತಿವಿಯುತ್ತಾರೆ. ನಿದ್ದೆ ಮಾಡುವುದಂತೂ, ಅದರಲ್ಲೂ ಮುಂದಿನ ಸಾಲಿನಲ್ಲಿ, ನಟನ ಮುಖಕ್ಕೇ ಉಗಿದಂತೆ.

ಚಳಿಗಾಲಕ್ಕೆಂದು ಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ವಾರ. ಶುಕ್ರವಾರ ಶಾಲೆಯ ಕೆಲಸ ಮುಗಿಸಿ ಜಂಗ್‌ಹ್ವಾ ಭಾವನ ಮನೆಗೆ ಹೋಗಿ ರಾಶಿ ಕೋಸಿಗೆ ಉಪ್ಪು ಸವರಿದಳು. ಬೆಳಕು ಹರಿಯುವ ಮುಂಚೆ ಎದ್ದು ತೊಳೆದಳು, ಮೊಳಕೈವರೆಗೆ ಕೆಂಪು ಮಸಾಲೆ ಮೆತ್ತಿಕೊಂಡು ಎಲೆ ಎಲೆಗೂ ತುಂಬಿದಳು. ಊಟದ ಹೊತ್ತಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ನೆವ ಹೇಳಿ ಎದ್ದಳು.

“ಶನಿವಾರ ಶನಿವಾರ ಹಲ್ಲು ನೋಯೋದು ನಿನ್ನೊಬ್ಬಳಿಗೇ ಕಣೇ,” ಎಂದಳು ಓರಗಿತ್ತಿ, ಕೈಗವಸು ತೆಗೆಯದೆ.

ಅವತ್ತು ಅವಳ ಸೀಟು ಮುಂದಿನ ಸಾಲಿನ ಎಡತುದಿಯಲ್ಲಿ, ಗೋಡೆಯ ಪಕ್ಕ. ಗೋಡೆ ಬೆಚ್ಚಗಿತ್ತು. ಬೆರಳಿನ ಬೆಳ್ಳುಳ್ಳಿ ವಾಸನೆ ಪಕ್ಕದವರಿಗೆ ತಾಗಬಾರದೆಂದು ಎರಡೂ ಕೈಗಳನ್ನು ಜಾಕೆಟ್ಟಿನೊಳಗೆ ತುರುಕಿಕೊಂಡಳು. ಅಣ್ಣತಮ್ಮಂದಿರ ಜಗಳದವರೆಗೂ ನೆನಪಿತ್ತು. ಆಮೇಲೆ ನೆನಪಿದ್ದದ್ದು ತಲೆ ಗೋಡೆಗೆ ಠಪ್ಪೆಂದು ಬಡಿದದ್ದು. ಕಣ್ಣು ಬಿಟ್ಟರೆ ಬಾಯಿ ತೆರೆದಿದೆ, ಗಲ್ಲ ಒದ್ದೆಯಾಗಿದೆ. ಎದುರಿಗೆ, ಮೂರು ಹೆಜ್ಜೆ ಆಚೆ, ಅಣ್ಣನ ಪಾತ್ರದ ಮುಯಂಗ್ ಹಾಡು ನಿಲ್ಲಿಸಿ ಎಡಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದಾನೆ. ತುಟಿಯ ತುದಿಯಲ್ಲಿ ಸಣ್ಣ ನಗೆ. ಮತ್ತೆ ಮುಂದಕ್ಕೆ ತಿರುಗಿ ಕೊನೆಯ ಸಾಲು ಹಾಡಿದ. ದೀಪ ಆರಿತು.

ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಲೆ ತಗ್ಗಿಸಿಕೊಂಡು ಮೆಟ್ಟಿಲೇರಿದಳು. ಮೇಲೆ ಬೀದಿಯಲ್ಲಿ, ಗಿಂಕೋ ಮರದ ಬುಡದಲ್ಲಿ ಸುನ್‌ಬೋಕ್ ಬಿಕ್ಕುತ್ತ ನಿಂತಿದ್ದಳು. ಅವಳೂ ದಾರಿನ್‌ಳೂ ಹಿಂದಿನ ಸಾಲುಗಳಲ್ಲಿ ಕೂತಿದ್ದವರು. ದಾರಿನ್ ಓಡಿಬಂದು ಜಂಗ್‌ಹ್ವಾಳ ತೋಳು ಹಿಡಿದಳು.

“ಚಿಕ್ಕಮ್ಮ, ನೋಡಿದ್ರಾ? ತಿರುಗಿದ. ಇಷ್ಟು ವರ್ಷದಲ್ಲಿ ಯಾವತ್ತೂ ತಿರುಗಿರ್ಲಿಲ್ಲ. ನಡುವೆ ಹಾಡೂ ನಿಲ್ಸಿದ. ಪಕ್ಕದಲ್ಲಿ ತಮ್ಮ ಬಂದು ಕೂತಿದಾನೆ, ಅದಕ್ಕೇ ತಿರುಗಿದ್ದು.”

“ನಕ್ಕ ಕಣೇ,” ಎಂದಳು ಸುನ್‌ಬೋಕ್, ಮೂಗು ಒರೆಸಿಕೊಳ್ಳುತ್ತ. “ತಮ್ಮ ಸತ್ತೇ ಇದ್ರೂ ಬಂದಿದಾನೆ. ಕ್ಷಮಿಸಿದಾನೆ. ನೀನು ಹತ್ರದಲ್ಲಿ ಕೂತಿದ್ದೆ. ನೋಡಿದೆ ತಾನೆ?”

“ನೋಡಿದೆ,” ಎಂದಳು ಜಂಗ್‌ಹ್ವಾ.

ಬೇರೆ ಏನು ಹೇಳುವುದು ಎಂದು ಯೋಚಿಸುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

ಆ ವಾರ ದಾರಿನ್ ಬರೆದದ್ದನ್ನು ಓದಿ ಎರಡು ಪಕ್ಷಗಳೂ ಒಂದಾದವು. ಎಡಕ್ಕೆ ತಿರುಗಿದ್ದರ ಅರ್ಥ, ಅರ್ಧ ನಗೆಯ ಅರ್ಥ, ಹಾಡು ತಡೆದ ಆ ಒಂದು ಉಸಿರಿನ ಅರ್ಥ. ಜಂಗ್‌ಹ್ವಾ ಅಡುಗೆಮನೆಯ ಹಿಂದೆ ಎಣ್ಣೆ ಡಬ್ಬದ ಮೇಲೆ ಕೂತು ಫೋನಿನಲ್ಲಿ ಎಲ್ಲವನ್ನೂ ಓದಿದಳು. ತನ್ನ ನಿದ್ದೆಗೆ ಇಷ್ಟೊಂದು ಅರ್ಥವಿರುವುದು ಕಂಡು ಅವಳಿಗೆ ನಗುವುದಕ್ಕೂ ಆಗಲಿಲ್ಲ.

ಮುಂದಿನ ಶನಿವಾರ ಸುನ್‌ಬೋಕ್ ಬೇರೆಯೇ ಮುಖ ಹೊತ್ತು ಬಂದಳು.

“ಹೋಗಿ ಬಂದೆ.”

“ಎಲ್ಲಿಗಕ್ಕ?”

“ತಂಗಿ ಹತ್ರ. ಯಾವ ಗೋಡೇಲಿಟ್ಟಿದಾರೆ ಅಂತಾನೇ ಗೊತ್ತಿರ್ಲಿಲ್ಲ ನೋಡು. ಅವಳ ಮಗಳಿಗೆ ಫೋನ್ ಮಾಡಿ ಕೇಳ್ದೆ. ಹುಡುಗಿ ತಾನೇ ಬಂದ್ಲು. ಒಂದು ಮಾತಾಡ್ಲಿಲ್ಲ. ಆದ್ರೆ ಬರೋವಾಗ ಬಸ್ಸಲ್ಲಿ ಕಿತ್ತಳೆ ಸುಲಿದು ಕೈಗಿಟ್ಲು.” ಸುನ್‌ಬೋಕ್ ತನ್ನ ಅಂಗೈ ನೋಡಿಕೊಂಡಳು. “ಅವನು ಅವತ್ತು ತಿರುಗದೇ ಇದ್ದಿದ್ರೆ ನಾನು ಸಾಯೋವರ್ಗೂ ಹೋಗ್ತಿರ್ಲಿಲ್ಲ.”

ಜಂಗ್‌ಹ್ವಾ ತನ್ನ ಟಿಕೆಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಅವತ್ತು ಮುಯಂಗ್ ತಿರುಗಲಿಲ್ಲ. ಅದರ ಮುಂದಿನ ಆಟದಲ್ಲೂ ನೇರ ಮುಂದೆಯೇ ನೋಡಿದ. ನಿರ್ದೇಶಕ ಬೈದಿರಬೇಕು ಎಂದರು ಕೆಲವರು; ಅಂಥದ್ದು ಒಂದೇ ಸಲ ಬರುವುದು ಎಂದರು ಇನ್ನು ಕೆಲವರು. ದಾರಿನ್‌ಳಿಗೆ ತಡೆಯಲಾಗಲಿಲ್ಲ. ಆಟ ಮುಗಿದ ಮೇಲೆ ನಟರು ಪ್ರೇಕ್ಷಕರೊಂದಿಗೆ ಮಾತಾಡುವ ದಿನವೊಂದು ಗೊತ್ತಾಗಿತ್ತು.

“ಅವತ್ತು ನೇರ ಕೇಳ್ಬಿಡ್ತೀನಿ ದೊಡ್ಡಮ್ಮ, ಯಾಕೆ ತಿರುಗಿದ್ರಿ ಅಂತ. ಅವರ ಬಾಯಿಂದಾನೇ ಬರ್ಲಿ.”

“ಕೇಳು,” ಎಂದಳು ಸುನ್‌ಬೋಕ್. “ನಂಗೂ ಕೇಳ್ಬೇಕು.”

ಅಷ್ಟೂ ದಿನ ಜಂಗ್‌ಹ್ವಾ ಹಂಡೆ ತಿರುವುತ್ತ ಅದನ್ನೇ ಯೋಚಿಸಿದಳು. ಮುಯಂಗ್ ಹೇಗೆ ಹೇಳಬಹುದು? “ಮುಂದೆ ಒಬ್ಬ ಹೆಂಗಸು ಬಾಯಿ ತೆರೆದು ಮಲಗಿದ್ಲು, ನಗು ಬಂತು.” ಇಡೀ ಸಭೆ ನಗುತ್ತದೆ. ಆ ನಗೆಯ ನಡುವೆ ಸುನ್‌ಬೋಕ್ ಕೂತಿರುತ್ತಾಳೆ. ಯಾರ ಬಾಯಿಂದಲೋ ಕೇಳುವುದಕ್ಕಿಂತ ತನ್ನ ಬಾಯಿಂದ ಕೇಳಲಿ ಎನ್ನಿಸಿತು. ಹೇಳಿದರೆ ಸ್ನೇಹ ಹೋಗುತ್ತದೆ. ಸಿಯೋಲಿಗೆ ಬಂದಮೇಲೆ, ಹೊಲಿಗೆ ಕಾರ್ಖಾನೆಯ ಹುಡುಗಿಯಾಗಿದ್ದಾಗಿನಿಂದ ಇಲ್ಲಿಯವರೆಗೆ, ಅವಳು ಅಕ್ಕ ಎಂದು ಬಾಯಿತುಂಬ ಕರೆದದ್ದು ಇವಳೊಬ್ಬಳನ್ನೇ.

ಆ ದಿನ ಆಟಕ್ಕೆ ಮೊದಲು ನೂಡಲ್ಸ್ ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಹೇಳಿಬಿಟ್ಟಳು.

“ಅಕ್ಕ, ಅವತ್ತು ನಾನು ನಿದ್ದೆ ಮಾಡ್ಬಿಟ್ಟಿದ್ದೆ.”

“ಯಾವತ್ತು?”

“ಅವನು ತಿರುಗಿದ ದಿನ. ತಲೆ ಗೋಡೆಗೆ ಬಡೀತು. ಸದ್ದಾಯ್ತು. ಅದಕ್ಕೆ ತಿರುಗಿದ್ದು. ನನ್ನೇ ನೋಡಿ ನಕ್ಕಿದ್ದು.”

ಸುನ್‌ಬೋಕ್ ಎತ್ತಿದ ಚಾಪ್‌ಸ್ಟಿಕ್ಕನ್ನು ಬಟ್ಟಲಿನ ಅಂಚಿಗಿಟ್ಟಳು.

“ನಿನ್ನ ನೋಡಿ ನಗೋಕೆ ನೀನೇನು ರಾಣಿಯಾ?”

“ಅಕ್ಕ—”

“ನಾನೂ ಅಲ್ಲೇ ಇದ್ದೆ. ಅವನ ಕಣ್ಣು ನಿನ್ನ ತಲೆ ಮೇಲಿತ್ತು. ಮುಂದೆ ಕೂತ್ಕೊಂಡ ಮಾತ್ರಕ್ಕೆ ಎಲ್ಲಾ ತನ್ನ ಮೇಲೇ ಅಂದ್ಕೊಬೇಡ. ನಿದ್ದೆ ಬೇರೆ ಮಾಡಿದ್ದಾಳಂತೆ, ಮುಂದಿನ ಸಾಲಲ್ಲಿ. ನಾಚಿಕೆ ಆಗಲ್ವಾ?”

“ಆಗುತ್ತೆ.”

“ತಿನ್ನು. ಮುದ್ದೆ ಆಗ್ತಿದೆ.”

ಇಬ್ಬರೂ ತಿಂದರು. ಸುನ್‌ಬೋಕ್ ಎಂದಿನಂತೆ ತನ್ನ ಬಟ್ಟಲಿನ ಮೊಟ್ಟೆಯನ್ನು ಇವಳ ಬಟ್ಟಲಿಗೆ ಹಾಕಲಿಲ್ಲ.

ಆಟ ನಡೆಯಿತು. ಜಂಗ್‌ಹ್ವಾ ಅವರಿಬ್ಬರ ಹಿಂದಿನ ಸಾಲಿನಲ್ಲಿ ತೊಡೆ ಚಿವುಟಿಕೊಳ್ಳುತ್ತ ಎಚ್ಚರವಾಗಿದ್ದಳು; ಮುಂದೆ ಸುನ್‌ಬೋಕ್, ಪಕ್ಕದಲ್ಲಿ ದಾರಿನ್. ಅಣ್ಣ ಹುಟ್ಟು ಕೆಳಗಿಟ್ಟಾಗಲೂ ಅವಳ ಕೈ ಹಗುರಾಗಲಿಲ್ಲ. ದೀಪ ಬಂದ ಮೇಲೆ ಮುಯಂಗ್ ಬೆವರು ಒರೆಸಿಕೊಂಡು ಕುರ್ಚಿಯ ಮೇಲೆ ಕೂತ. ಹತ್ತಿರದಿಂದ ನೋಡಿದರೆ ಅವನ ಕಣ್ಣಿನ ಕೆಳಗೂ ಕಪ್ಪು. ಮಾತುಕತೆ ನಡೆಸಿಕೊಡುವವಳು ಪ್ರಶ್ನೆಗಳಿವೆಯೇ ಎಂದಳು. ದಾರಿನ್ ಕೈಯೆತ್ತಿದಳು. ಅವಳ ಮುಖ ಹೊಳೆಯುತ್ತಿತ್ತು.

ಸುನ್‌ಬೋಕ್ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ಯಾಕೆ ದೊಡ್ಡಮ್ಮ?” ಎಂದು ದಾರಿನ್ ಪಿಸುಗುಟ್ಟಿದಳು.

“ಬೇಡ.”

“ನೀವೇ ಕೇಳು ಅಂದಿದ್ರಿ.”

“ಅಂದಿದ್ದೆ. ಈಗ ಬೇಡ ಅಂತಿದೀನಿ. ಸುಸ್ತಾಗಿದಾನೆ ನೋಡು ಪಾಪ, ಮನೆಗೆ ಹೋಗ್ಲಿ.”

ಮತ್ತೆ ಏಳಲು ಹೋದ ಕೈಯನ್ನು ಸುನ್‌ಬೋಕ್ ತನ್ನ ಮಡಿಲಿಗೆ ಎಳೆದುಕೊಂಡು ಎರಡೂ ಅಂಗೈಗಳಲ್ಲಿ ಒತ್ತಿ ಹಿಡಿದಳು. ಹಿಂದಿನಿಂದ ಯಾರೋ ಹಾಡುವ ಮುಂಚೆ ಏನು ತಿನ್ನುತ್ತೀರಿ ಎಂದು ಕೇಳಿದರು. ಏನೂ ತಿನ್ನುವುದಿಲ್ಲ, ತಿಂದರೆ ನಿದ್ದೆ ಬರುತ್ತದೆ ಎಂದ ಮುಯಂಗ್. ಎಲ್ಲರೂ ನಕ್ಕರು. ಜಂಗ್‌ಹ್ವಾ ಸುನ್‌ಬೋಕ್‌ಳ ಬೆನ್ನನ್ನಷ್ಟೇ ನೋಡುತ್ತಿದ್ದಳು. ಆ ಬೆನ್ನು ನಗಲಿಲ್ಲ.

ಹೊರಗೆ ಬಂದಾಗ ದಾರಿನ್ ಮುನಿಸಿಕೊಂಡು ಮುಂದೆ ಹೊರಟುಹೋದಳು. ಸುನ್‌ಬೋಕ್ ರೈಲಿನ ಮೆಟ್ಟಿಲವರೆಗೂ ಎರಡು ಹೆಜ್ಜೆ ಮುಂದೆಯೇ ನಡೆದಳು. ಕಂಬಿ ಹಿಡಿದು ನಿಂತು, ಜಂಗ್‌ಹ್ವಾಳ ಕಡೆ ನೋಡದೆ ಕೇಳಿದಳು.

“ಕೊನೇ ಆಟಕ್ಕೆ ನಿಂಗೆ ಟಿಕೆಟ್ ಸಿಕ್ಕಿದೆಯಲ್ಲ?”

“ಸಿಕ್ಕಿದೆ.” ಅದು ಸಿಗುವುದೆಂದರೆ ಅದೃಷ್ಟ. ಮಾರಾಟ ತೆರೆದ ಗಳಿಗೆಯಲ್ಲೇ ಎಲ್ಲ ಟಿಕೆಟೂ ಮುಗಿದುಹೋಗಿತ್ತು. ನಾಟಕ ಮತ್ತೆ ಯಾವ ವರ್ಷ ಬರುವುದೋ ಯಾರಿಗೂ ಗೊತ್ತಿರಲಿಲ್ಲ.

“ನಂಗೆ ಕೊಡು. ಹುಡುಗೀನ ಕರ್ಕೊಂಡು ಬರ್ತೀನಿ. ತಂಗಿ ಮಗಳು.”

ಅಡುಗೆಮನೆಯಲ್ಲಿ ದಿನ ಮುಗಿಯದೆ ಇದ್ದಾಗ ಜಂಗ್‌ಹ್ವಾ ಆ ಒಂದು ಆಟವನ್ನು ನೆನೆದುಕೊಂಡೇ ಮುಗಿಸಿದ್ದಳು.

“ತಗೊಳ್ಳಿ ಅಕ್ಕ. ನನ್ನ ಹೆಸರು ಹೇಳಿದ್ರೆ ಕೊಡ್ತಾರೆ.”

“ನೀನು ಶನಿವಾರ ಮನೇಲಿ ಮಲಕ್ಕೋ,” ಎಂದಳು ಸುನ್‌ಬೋಕ್. ಬೈಗುಳವೋ, ಕನಿಕರವೋ, ಜಂಗ್‌ಹ್ವಾಳಿಗೆ ತಿಳಿಯಲಿಲ್ಲ. ಕೇಳುವುದಕ್ಕೂ ಮನಸ್ಸಾಗಲಿಲ್ಲ. “ಆ ಹುಡುಗೀಗೆ ಕಥೆ ಎಷ್ಟು ಹೇಳ್ಬೇಕೋ ಅಷ್ಟು ನಾನೇ ಹೇಳ್ಕೋತೀನಿ.”

ಇಬ್ಬರೂ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದರು. ರೈಲಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಸುನ್‌ಬೋಕ್ ಅದನ್ನು ನೋಡಿದಳು, ಜಂಗ್‌ಹ್ವಾಳನ್ನು ನೋಡಿದಳು, ತಾನೇ ಕೂತುಕೊಂಡಳು. ಆಮೇಲೆ ಕೈ ಚಾಚಿ, ಜಂಗ್‌ಹ್ವಾಳ ಚೀಲವನ್ನು ಕಿತ್ತು ತನ್ನ ತೊಡೆಯ ಮೇಲಿಟ್ಟುಕೊಂಡಳು.