ನೀರಿನ ಗುಳಿಗೆ ಮತ್ತು ನನ್ನ ಕಾಲುಂಗುರ

ನನ್ನ ಕಾಲು ಬಾತದ್ದು ಮೊದಲು ಗೊತ್ತಾಗಿದ್ದು ನನಗಲ್ಲ, ನನ್ನ ಚಪ್ಪಲಿಗೆ. ನಿನ್ನೆ ಮೊನ್ನೆ ತಂದ ಚಪ್ಪಲಿ ಕಾಲಿಗೆ ಏರಲೊಲ್ಲದು. ಅಂಗಡಿಯವನು ಸಣ್ಣ ನಂಬರಿನದು ಕೊಟ್ಟು ಮೋಸ ಮಾಡಿದ್ದಾನೆ ಎಂದು ಸೆರಗು ಬಿಗಿದು ಬಸವಕಲ್ಯಾಣದ ಬಜಾರಿಗೆ ಜಗಳಕ್ಕೆ ಹೊರಟಿದ್ದೆ. ನಮ್ಮ ಮನೆಯವರು ಬಾಗಿಲಲ್ಲೇ ತಡೆದು, ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಒತ್ತಿದ ಕಡೆ ಕುಳಿ ಬಿತ್ತು, ಬಿದ್ದದ್ದು ಏಳಲೇ ಇಲ್ಲ.

"ಅಂಗಡಿಯವಂದು ಏನೂ ತಪ್ಪಿಲ್ಲ. ನಡಿ ದವಾಖಾನಿಗೆ," ಎಂದರು.

ಹುಮನಾಬಾದಿನ ಡಾಕ್ಟರು ಬಿ.ಪಿ. ನೋಡಿ ಹುಬ್ಬು ಏರಿಸಿದರು. ರಕ್ತ ಪರೀಕ್ಷೆ ಮಾಡಿಸಿ, ದಿನಾ ಬೆಳಿಗ್ಗೆ ನಾಷ್ಟಾ ಆದಮೇಲೆ ಒಂದು ಗುಳಿಗೆ ಎಂದು ಬರೆದುಕೊಟ್ಟರು. "ಇದೊಂದು ಗುಳಿಗ್ಯಾಗ ಎರಡು ಔಷಧ ಅದಾವ್ರಿ. ಒಂದು ಮೈಯಾಗಿನ ನೀರು, ಉಪ್ಪು ಹೊರಗ ಹಾಕ್ತದ. ಇನ್ನೊಂದು ಪೊಟ್ಯಾಸಿಯಂ ಹೋಗಲಾರದಂಗ ಹಿಡದಿಡ್ತದ. ಅದಕ್ಕ ಎಳನೀರು, ಬಾಳಿಹಣ್ಣು ನನ್ನ ಕೇಳಲಾರದ ತಿನ್ನಬ್ಯಾಡ್ರಿ." ಒಬ್ಬರು ಖರ್ಚು ಮಾಡುವುದು, ಇನ್ನೊಬ್ಬರು ಗಂಟು ಕಟ್ಟುವುದು! ನಮ್ಮಿಬ್ಬರ ಸಂಸಾರವನ್ನೇ ಅರೆದು ಗುಳಿಗೆ ಮಾಡಿದಂತಿತ್ತು. ನನ್ನನ್ನು ನೋಡಲು ಬಂದವರು ತಂದ ಎಳನೀರು, ಬಾಳೆಹಣ್ಣುಗಳನ್ನೆಲ್ಲ ಇವರೇ ಬಹಳ ದುಃಖದಿಂದ ಖಾಲಿ ಮಾಡಿದರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತು ದವಾಖಾನೆಯಿಂದ ಏಳುವಷ್ಟರಲ್ಲಿ ಡಾಕ್ಟರ ಕಣ್ಣು ನನ್ನ ಕಾಲುಂಗುರದ ಮೇಲೆ ಬಿತ್ತು. ಬಾತ ಬೆರಳಿಗೆ ಬೆಳ್ಳಿ ಕಚ್ಚಿಕೊಂಡು ಕೂತಿತ್ತು. ಎಣ್ಣೆ, ಸೋಪು ಎಲ್ಲ ಹಚ್ಚಿದರೂ ಅಲ್ಲಾಡಲಿಲ್ಲ. "ಬಾವು ಇಳೀಲಿ, ನೋಡೋಣ. ಮುಂದಿನ ಸಲ ಬರೋದ್ರೊಳಗ ಸಡಿಲ ಆಗಲಿಲ್ಲಂದ್ರ ಕಡಸಬೇಕ್ರಿ. ಇಲ್ಲಂದ್ರ ಬೆರಳಿಗೇ ಅಪಾಯ."

ಕಡಿಸುವುದು! ಗಂಡ ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ಕೂತಿರುವಾಗ! ನಮ್ಮ ಓಣಿಯಲ್ಲಿ ಯಾವ ಮದುವೆಯಿರಲಿ, ಅರಿಶಿನ ಕುಟ್ಟಲು ಕರೆಯುವ ಐದು ಮಂದಿ ಮುತ್ತೈದೆಯರಲ್ಲಿ ಮೊದಲು ಒನಕೆ ಹಿಡಿಯುವವಳು ನಾನು. ಕಾಲುಂಗುರವಿಲ್ಲದ ಬರಿಗಾಲಲ್ಲಿ ಹೋದರೆ ನನ್ನ ಕೈಗೆ ಒನಕೆ ಯಾರು ಕೊಡುತ್ತಾರೆ?

"ಜೀವಂತ ಇಲ್ಲೇ ಕುಂತೀನಲ್ಲ, ನಾ ಏನು ಉಂಗುರದಾಗ ಅದೀನೇನು? ಕಡಸಿ ಒಗಿ," ಎಂದರು ಇವರು.

"ನೀವು ಸುಮ್ಮನಿರ್ರಿ!" ಎಂದೆ.

ಬಾವು ಇಳಿಯಬೇಕಾದರೆ ಗುಳಿಗೆ ದಿನಾ ಹೊಟ್ಟೆಗೆ ಹೋಗಬೇಕು. ಆದರೆ ಅದು ಮದುವೆಯ ಹಂಗಾಮು. ಒಂದು ದಿನ ಮುಡಬಿ ಊರಿನ ಮದುವೆ, ಇನ್ನೊಂದು ದಿನ ಹುಡಗಿ ಊರಿನದು. ಗುಳಿಗೆ ನುಂಗಿ ಬಸ್ಸು ಹತ್ತಿದರೆ ದಾರಿಯಲ್ಲಿ ಎಲ್ಲಿಗೆ ಹೋಗಲಿ? ಊರಿಗೆ ಹೊರಟ ನಮ್ಮ ಕಡೆಯ ಹೆಂಗಸು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ನನ್ನವ್ವ ಹಾಗೆ ಮಾಡುತ್ತಿದ್ದಳು, ನಾನೂ ಹಾಗೇ. ಸರ್ಕಾರ ನಮಗೆ ಬಸ್ಸು ಪುಕ್ಕಟೆ ಮಾಡಿದೆ, ಬಹಳ ಉಪಕಾರ. ದಾರಿಯಲ್ಲಿ ಇಳಿದು ಕೂರುವ ಜಾಗ ಮಾತ್ರ ಇನ್ನೂ ಕೊಟ್ಟಿಲ್ಲ. ಹಾಗಾಗಿ ಮನೆಯಲ್ಲಿದ್ದ ದಿನ ಗುಳಿಗೆ, ಹೊರಗೆ ಹೊರಟ ದಿನ ರಜೆ. ಮದುವೆಗಳು ಮುಗಿಯುವಷ್ಟರಲ್ಲಿ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಅದನ್ನು ನೋಡಿ ಇವರು ಹೌಹಾರಿದರು. ಅವತ್ತಿನಿಂದ ದಿನಾ ನಾಷ್ಟಾ ಆದಕೂಡಲೇ ನೀರಿನ ತಂಬಿಗೆ ಹಿಡಿದು ನನ್ನೆದುರು ನಿಲ್ಲತೊಡಗಿದರು. ನುಂಗಿದ ಮೇಲೆ "ಬಾಯಿ ತೆಗಿ, ನಾಲಿಗಿ ಎತ್ತು" ಎಂದು ತಪಾಸಣೆ ಬೇರೆ. ಮೀನಖಂಡ ನಿಧಾನಕ್ಕೆ ತೆಳ್ಳಗಾಯಿತು, ಚಪ್ಪಲಿ ಕಾಲಿಗೆ ಏರಿತು. ಉಂಗುರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಡಾಕ್ಟರನ್ನು ಕಾಣುವ ದಿನವೂ ಬಿಡದೆ ಗುಳಿಗೆ ನುಂಗಿಸಿಯೇ ಬಸ್ಸು ಹತ್ತಿಸಿದರು. ಅರ್ಧ ದಾರಿಗೆ ಅದು ತನ್ನ ಕೆಲಸ ಶುರು ಮಾಡಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ. ರಸ್ತೆಯ ಒಂದೊಂದು ತಗ್ಗಿಗೂ ಜೀವ ಬಾಯಿಗೆ ಬರುತ್ತಿತ್ತು. ಇವರು ಒಮ್ಮೆ ನನ್ನ ಮುಖ ನೋಡಿದರು. ಬೀಗರ ಮನೆಯಲ್ಲಿ ಎರಡನೆಯ ಸಲ ಚಹಾ ಕೇಳಲಿಕ್ಕೂ ನಾಚುವ ಮನುಷ್ಯ, ತುಂಬಿದ ಬಸ್ಸಿನಲ್ಲಿ ಎದ್ದು ನಿಂತು ಕೂಗಿದರು: "ಕಂಡಕ್ಟರ್ ಸಾಹೇಬ್ರ, ಗಾಡಿ ನಿಂದರಸ್ರಿ! ನನಗ ಶುಗರ್ ಅದ, ತಡ್ಯಾಕ ಆಗಲ್ದು!"

ಇವರಿಗೆ ಯಾವ ಶುಗರೂ ಇಲ್ಲ.

"ಅಜ್ಜಾ, ಹುಮನಾಬಾದ ಬಂದೇಬಿಡ್ತಲ್ರಿ," ಎಂದ ಕಂಡಕ್ಟರ್.

"ಅಲ್ಲೀತನ ತಡೀಲಿಲ್ಲಂದ್ರ ಬಸ್ಸು ತೊಳೆಯೋರು ಯಾರು, ನೀವಾ?"

ಬಸ್ಸೆಲ್ಲ ಘೊಳ್ಳೆಂದು ನಕ್ಕಿತು, ಗಾಡಿ ನಿಂತಿತು. "ಕೈ ಹಿಡದು ಇಳಿಸ್ಲಿಕ್ಕಿ ಬೇಕು, ನೀನೂ ಬಾ," ಎಂದು ನನ್ನನ್ನು ಎಬ್ಬಿಸಿದರು. ನಾನು ಎದುರಿನ ತೊಗರಿ ಹೊಲಕ್ಕೆ ನುಗ್ಗಿ ಹಿಂದಿರುಗಿ ನೋಡಿದರೆ, ಬಸ್ಸಿನ ಅರ್ಧ ಹೆಂಗಸರು ಸೆರಗು ಸಾವರಿಸುತ್ತ ನನ್ನ ಹಿಂದೆಯೇ ಬರುತ್ತಿದ್ದರು. ಹಿರಿಯಳೊಬ್ಬಳು ನನ್ನ ಪಕ್ಕದಲ್ಲೇ ಕೂತು, "ನಿನ್ನ ಗಂಡನ ಹೊಟ್ಟಿ ತಣ್ಣಗಿರಲವ್ವಾ," ಎಂದು ಹರಸಿದಳು. ಇವರು ರಸ್ತೆಯ ಆ ಬದಿಯಲ್ಲಿ ನಮಗೆಲ್ಲ ಬೆನ್ನು ಮಾಡಿ, ಏನೂ ಕೆಲಸವಿಲ್ಲದೆ ನಿಂತಿದ್ದರು. ನನಗೆ ನಗುವೂ ಬಂತು, ಎದೆಯೂ ತುಂಬಿ ಬಂತು. ಇಷ್ಟು ವರ್ಷ ಬಾಳಿದ್ದರೂ ಈ ಮನುಷ್ಯನ ಮೇಲೆ ಅವತ್ತು ಹುಟ್ಟಿದಷ್ಟು ಪ್ರೀತಿ ಎಂದೂ ಹುಟ್ಟಿರಲಿಲ್ಲ.

ಡಾಕ್ಟರು ಬಿ.ಪಿ. ಇಳಿದಿದೆ, ಬಾವೂ ಇಳಿದಿದೆ, ಗುಳಿಗೆ ಹೀಗೇ ನಡೆಯಲಿ ಎಂದರು. ಬೆರಳು ನೋಡಿ ಮಾತ್ರ ತಲೆಯಾಡಿಸಿದರು. ಉಂಗುರ ಚರ್ಮದೊಳಗೆ ಇಳಿದುಬಿಟ್ಟಿತ್ತು. ಇವತ್ತೇ ಕಡಿಸಬೇಕು ಎಂದರು. ನಾನು ಜಗಳ ಮಾಡುತ್ತೇನೆಂದು ಇವರು ಗಂಟಲು ಸರಿಮಾಡಿಕೊಂಡು ತಯಾರಾಗುತ್ತಿದ್ದರು. ನಾನು, "ನಡೀರಿ, ಪತ್ತಾರರ ಅಂಗಡಿಗಿ ಹೋಗೋಣ," ಎಂದೆ.

ಬೆಳ್ಳಿ ಬಂಗಾರದ ಕೆಲಸದ ಪತ್ತಾರರು ಬೆರಳಿನ ಕೆಳಗೆ ಬಟ್ಟೆ ಇಟ್ಟು ಸಣ್ಣ ಕತ್ತರಿ ತೆಗೆದರು. ನಾನು ಕಣ್ಣು ಬಿಟ್ಟುಕೊಂಡೇ ನೋಡಿದೆ. ಕಟ್ ಎಂದಿತು, ಅಷ್ಟೇ. ಆಮೇಲೆ ಉಂಗುರದ ಆ ಬದಿಯಲ್ಲೂ ಒಂದು ಕಟ್. ಬೆರಳಿನೊಳಗೆ ಮತ್ತೆ ರಕ್ತ ಓಡಾಡಿ ಬೆಚ್ಚಗಾಯಿತು. ಕಡಸಿ ಒಗಿ, ಕಡಸಿ ಒಗಿ ಎಂದು ತಲೆ ತಿಂದಿದ್ದ ಇವರಿಗಾಗಿ ತಿರುಗಿ ನೋಡಿದರೆ ಪಕ್ಕದಲ್ಲಿ ಇರಲಿಲ್ಲ. ಅಂಗಡಿಯ ಹೊರಗೆ, ಬಿಸಿಲಿನಲ್ಲಿ, ಗೋಡೆಗೆ ಮುಖಮಾಡಿ ನಿಂತಿದ್ದರು. ನಾನು ಹತ್ತಿರ ಹೋದಾಗ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಬಾಳ ನೋವಾತೇನು?" ಎಂದರು.

"ನನಗೇನಿಲ್ರಿ," ಎಂದೆ. "ನಿಮಗ?"

ಅವರು ನನ್ನ ಕೈ ಹಿಡಿದು ಹುಮನಾಬಾದಿನ ನಡುಬಜಾರು ದಾಟಿಸಿದರು, ಹಾಡುಹಗಲಲ್ಲಿ, ಎಲ್ಲರೂ ನೋಡುತ್ತಿದ್ದಂತೆ. ಆ ಬದಿ ಸೇರಿದ ಮೇಲೂ ಬಿಡಲಿಲ್ಲ.