ಬೊಚ್ಚುಬಾಯಿಯ ಶೇಂಗಾ ಯಂತ್ರ

೧೯೫೬ನೆಯ ಇಸವಿ, ನನಗೆ ಆಗ ಇಪ್ಪತ್ತೆಂಟು ವರ್ಷ. ಭಾಲ್ಕಿಯ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ಬರೆದದ್ದನ್ನು ಬರೆದಂತೆಯೇ ಓದಬೇಕೆಂಬುದು ನನ್ನ ತರಗತಿಯ ಮೊದಲ ನಿಯಮವಾಗಿತ್ತು. ಆ ನಿಯಮ ಸೋದರಮಾವನ ಮನೆಯ ಹೋಳಿಗೆಗೆ ಸಂಚಕಾರ ತಂದ ಪ್ರಸಂಗವಿದು.

ನಾನಿದ್ದದ್ದು ಮಾವನವರ ಮನೆಯಲ್ಲೇ. ಅವರಿಗೆ ಅದೇ ಊರಿನಲ್ಲಿ ಸಣ್ಣದೊಂದು ಕಾರಖಾನೆಯಿತ್ತು. ಅಲ್ಲಿ ಶೇಂಗಾ ಒಡೆಯುವ ಯಂತ್ರ ತಯಾರಾಗುತ್ತಿತ್ತು. ಕೆಳಗೆ ಬಾಗಿದ ಜಾಲರಿ, ಅದರ ಮೇಲೆ ತೊಟ್ಟಿಲಿನಂತೆ ಓಲಾಡುವ ಕಬ್ಬಿಣದ ಹಲ್ಲುಗಳು. ಹಿಡಿಕೆ ಆಡಿಸಿದರೆ ಸಿಪ್ಪೆ ಬಿರಿದು ಕಾಳು ಉದುರುತ್ತಿತ್ತು. ಇದು ಅವರ ಸ್ವಂತ ಕಲ್ಪನೆ. ನಿಜಾಮರ ಕಾಲದಲ್ಲೇ ಹೈದರಾಬಾದಿಗೆ ಅಲೆದಾಡಿ, ಬೇರೆ ಯಾರೂ ಇದನ್ನು ತಯಾರಿಸಕೂಡದೆಂಬ ಪೇಟೆಂಟನ್ನು ಉರ್ದುವಿನಲ್ಲಿ ಪಡೆದಿದ್ದರು. ೧೯೪೮ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ನೆರೆಯವರು ಒಡವೆ ಹೂತಿಟ್ಟರೆ ಮಾವ ಈ ಕಾಗದವನ್ನು ತಗಡಿನ ಕೊಳವೆಯಲ್ಲಿಟ್ಟು ಹೂತರು. ಅತ್ತೆಯ ಬಳೆಗಳು ಕಪಾಟಿನಲ್ಲೇ ಉಳಿದವು. ಅತ್ತೆ ಅದನ್ನು ಮರೆತವರಲ್ಲ.

ಆ ವರ್ಷ ಔರಾದದಲ್ಲಿ ಇನ್ನೊಂದು ಯಂತ್ರ ಹುಟ್ಟಿತು. ಮಾಡಿದವನು ಮಾವನ ಕೈಯಲ್ಲೇ ಪಳಗಿದ ಒಬ್ಬ ಮಿಸ್ತ್ರಿ. ಕಬ್ಬಿಣದ ಹಲ್ಲುಗಳ ಜಾಗದಲ್ಲಿ ಜಾಲಿ ಮರದ ಪಟ್ಟಿಗಳು, ಉಳಿದುದೆಲ್ಲ ಮಾವನದೇ. ಮಾವನ ಗಿರಾಕಿಗಳಾಗಿದ್ದ ಸಂತಪುರದ ರೈತರೆಲ್ಲ ಅತ್ತ ತಿರುಗಿದರು. ಸುಗ್ಗಿಯೊಳಗೆ ಅದನ್ನು ತಡೆಯದಿದ್ದರೆ ಮಾವನ ಕಾರಖಾನೆಗೆ ಬೀಗ ಬೀಳುವುದು ಖಚಿತವಾಗಿತ್ತು.

ಕೋರ್ಟಿನ ಬದಲು ಬೀದರಿನ ವೃದ್ಧ ವಕೀಲರೊಬ್ಬರ ತೀರ್ಪಿಗೆ ಇಬ್ಬರೂ ಒಪ್ಪಿದರು. ನವರಾತ್ರಿಗೆ ಮೊದಲು ಅವರ ಪಡಸಾಲೆಯಲ್ಲಿ ಎರಡೂ ಯಂತ್ರಗಳನ್ನು ಇಳಿಸಲಾಯಿತು. ಉರ್ದು ಬಲ್ಲವನೆಂದು ಪೇಟೆಂಟನ್ನು ಓದಲು ಮಾವ ನನ್ನನ್ನೇ ಕರೆದೊಯ್ದರು.

ನಾನು ಓದಿದೆ: "ಓಲಾಡುವ ಕಬ್ಬಿಣದ ಹಲ್ಲುಗಳು."

"ಕೇಳಿದ್ರೇನ್ರಿ ವಕೀಲಸಾಹೇಬ್ರ?" ಎಂದು ಮಿಸ್ತ್ರಿ ಎದ್ದು ನಿಂತ. "ನಮ್ಮ ಯಂತ್ರಕ್ಕ ಹಲ್ಲೇ ಇಲ್ರಿ. ಬೊಚ್ಚುಬಾಯಿ ಅದ."

"ನನ್ನ ಬಾಯಿನೂ ಬೊಚ್ಚೇ ಅದ," ಎಂದರು ವಕೀಲರು. "ಹಂಗಂತ ಶೇಂಗಾ ತಿನ್ನೋದು ಬಿಟ್ಟೇನೇನು? ಮಾಸ್ತರ್, ನೀವೇನಂತೀರಿ?"

"ಕಬ್ಬಿಣವೆಂದು ಬರೆದದ್ದನ್ನು ನಾನು ಮರವೆಂದು ಓದಲಾರೆ," ಎಂದೆ. ಈಗಲೂ ಓದಲಾರೆ.

ಮಾವ ನನ್ನತ್ತ ನೋಡಿದ ನೋಟಕ್ಕೆ ಶೇಂಗಾ ತಾನಾಗಿ ಒಡೆಯುವಂತಿತ್ತು. "ನನ್ನ ಅನ್ನ ಉಂಡು ಅವನ ಶೇಂಗಾ ಒಡಿತಿ ಏನಲೇ?"

ವಕೀಲರು ತೀರ್ಪನ್ನು ಹಬ್ಬದಾಚೆಗೆ ಮುಂದೂಡಿದರು. "ನವೆಂಬರಕ್ಕ ಹೈದರಾಬಾದ್ ರಾಜ್ಯನೇ ಇರೂದಿಲ್ಲಂತ. ಅಷ್ಟರೊಳಗ ನಿಮ್ಮ ಜಗಳ ಮುಗಿಸ್ರಪಾ," ಎಂದು ಹೇಳಿ ಒಳಗೆ ಹೋದರು. ಆ ಹಬ್ಬದಲ್ಲಿ ಅತ್ತೆ ಎಲ್ಲರ ಎಲೆಗೂ ಹೋಳಿಗೆ ಬಡಿಸಿ, ನನ್ನ ಎಲೆಗೆ ಬರಿಯ ಅನ್ನ ಹಾಕಿದರು. "ಹೋಳಿಗಿ ಅಂತ ಎಲ್ಲ್ಯಾದ್ರೂ ಬರದದ ಏನ್ರಿ ಮಾಸ್ತರ್?" ಎಂದು ಕೇಳಿದರು.

ವಿಜಯದಶಮಿಯ ಸಂಜೆ ನಮ್ಮಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಹಿರಿಯರ ಕಾಲಿಗೆರಗುತ್ತಾರೆ. ಹಿರಿಯರು ಎಲೆ ತೆಗೆದುಕೊಳ್ಳದಿದ್ದರೆ ಸಂಬಂಧ ಹರಿಯಿತೆಂದೇ ಅರ್ಥ. ಮಗಳ ಮನೆಗೆಂದು ಭಾಲ್ಕಿಗೆ ಬಂದಿದ್ದ ವಕೀಲರು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಆಗ ಮಿಸ್ತ್ರಿ ಬಂದ. ಜಗಳವಿದ್ದರೂ ಗುರುವಿಗೆ ಬನ್ನಿ ಕೊಡುವುದನ್ನು ಅವನು ತಪ್ಪಿಸುವಂತಿರಲಿಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಕಾಕಾ."

ಮಾವ ಕೈ ಚಾಚಲಿಲ್ಲ. "ಇದು ಬಂಗಾರ ಅಲ್ಲ. ಗಿಡದ ಎಲಿ."

ಮಿಸ್ತ್ರಿ ಎಲೆಯನ್ನು ಇನ್ನಷ್ಟು ಮುಂದೆ ಚಾಚಿದ. "ಹಂಗನಬ್ಯಾಡ್ರಿ ಕಾಕಾ. ಹಬ್ಬದಾಗ ಎಲಿನೇ ಬಂಗಾರ ಅಲ್ಲೇನ್ರಿ? ಬಂಗಾರ ಕೊಟ್ಟಂಗೇ ಕೊಡ್ತೇವಿ, ತಗೊಂಡಂಗೇ ತಗೋತೀರಿ, ಅದೇ ಆಶೀರ್ವಾದ ಸಿಗ್ತದ. ಗಿಡದ್ದಾದ್ರ ಏನಾತ್ರಿ?"

ಮಾವ ಎದ್ದೇ ಬಿಟ್ಟರು. "ಕೇಳಿದ್ರಾ ವಕೀಲಸಾಹೇಬ್ರ! ನನ್ನ ಹಲ್ಲಿನಂಗೇ ಅವನ ಪಟ್ಟಿ ಓಲಾಡ್ತದ, ಅದರಂಗೇ ತಿಕ್ಕತದ, ಅದೇ ಕಾಳು ಬೀಳ್ತದ. ಗಿಡದ್ದಾದ್ರ ಏನಾತು?"

ಬೊಚ್ಚುಬಾಯಿ ತುಂಬ ನಕ್ಕ ವಕೀಲರು ಎಲೆ ಹಿಡಿದು ನಿಂತ ಮಿಸ್ತ್ರಿಗೆ, "ತೀರ್ಪು ನೀನೇ ಕೊಟ್ಟಿಯಪ್ಪಾ," ಎಂದರು. "ಅದೇ ಕೆಲಸ, ಅದೇ ರೀತಿ, ಅದೇ ಫಲ. ವಸ್ತು ಬದಲಾದ್ರ ಯಂತ್ರ ಬದಲಾಗೂದಿಲ್ಲ."

"ಖರೇ ಹೇಳ್ತೇನಿ ಕಾಕಾ," ಎಂದ ಮಿಸ್ತ್ರಿ ತಗ್ಗಿದ ದನಿಯಲ್ಲಿ, "ಮರದ ಪಟ್ಟಿಗಿ ಕಾಳು ಕಡಿಮಿ ಮುರಿತಾವ."

"ಗೊತ್ತದಲೇ. ಅದಕ್ಕೇ ಹೊಟ್ಟಿ ಉರಿತದ," ಎಂದು ಮಾವ ಎಲೆಯನ್ನು ಕಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಇನ್ನು ಮುಂದೆ ಮಿಸ್ತ್ರಿ ತನ್ನ ಯಂತ್ರ ಮಾರಕೂಡದು, ಜಾಲಿ ಪಟ್ಟಿಗಳನ್ನು ಮಾತ್ರ ಮಾಡಿ ಮಾವನ ಕಾರಖಾನೆಗೆ ಕೊಡಬೇಕು ಎಂದಾಯಿತು. ಕರಾರು ಬರೆಯುವ ಕೆಲಸ ನನಗೇ ಬಂತು. "ಹಲ್ಲುಗಳು, ಅಥವಾ ಹಲ್ಲಿನ ಕೆಲಸವನ್ನು ಹಲ್ಲಿನಂತೆಯೇ ಮಾಡುವ ಯಾವುದೇ ವಸ್ತು" ಎಂದು ಬರೆದು, ಬರೆದಂತೆಯೇ ಗಟ್ಟಿಯಾಗಿ ಓದಿದೆ. ಅತ್ತೆ ಹೋಳಿಗೆಯ ತಟ್ಟೆಯನ್ನು ಮೊದಲು ಮಿಸ್ತ್ರಿಗೆ, ಆಮೇಲೆ ನನಗೆ ತಂದಿಟ್ಟರು. ತುಪ್ಪದ ಕೈಯಲ್ಲೇ ಮಾವನೂ ಮಿಸ್ತ್ರಿಯೂ ರುಜು ಹಾಕಿದ ಆ ಕರಾರಿನ ತಾರೀಖು ೧೪ ಅಕ್ಟೋಬರ್ ೧೯೫೬.