ರಾಹುಕಾಲಕ್ಕೆ ಮುಂಚೆ ಬದಲಾದ ವಿಳಾಸ

ನಮ್ಮ ಚೌಕಾಬಾರ ಆಟ ಶಾಲೆಯಲ್ಲಿ ಕೈಕೊಟ್ಟದ್ದು ರಾಹುಕಾಲದ ದೆಸೆಯಿಂದ ಅಂತ ನನ್ನ ಗೆಳೆಯನ ಅಮ್ಮ ಈಗಲೂ ಹೇಳುತ್ತಾರೆ. ಗೆಳೆಯ ಹೇಳುವುದು ಇನ್ನೂ ಚಿಕ್ಕದು: "ಇವಳು ಬರೆದ ಕೋಡಲ್ಲಿ ಏನೋ ತಪ್ಪಿತ್ತು." ಎರಡಕ್ಕೂ ಸಾಕ್ಷಿ ಕೇಳಿ ನೋಡಿ, ಸಿಗುವುದಿಲ್ಲ. ಕಾಲೇಜಿನಲ್ಲಿದ್ದಷ್ಟು ದಿನ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಸಾಕ್ಷಿ ಇಲ್ಲದ ಮಾತು ಕೇಳಿದರೆ ಮೈ ಉರಿಯುತ್ತದೆ. ಅದನ್ನು ನನ್ನ ತಲೆಗೇ ಕಟ್ಟಿದರಂತೂ ಕೇಳಲೇಬೇಡಿ.

ಅದು ಬ್ರೌಸರಿನಲ್ಲೇ ಆಡುವ ಆಟ. ಕವಡೆ ಉರುಳುವುದು, ಕಾಯಿ ನಡೆಯುವುದು, ಕಡಿಯುವುದು ಎಲ್ಲ ನಾನು ಬರೆದದ್ದು. ಚಿತ್ರ, ಸರ್ವರ್ ಅವನ ಪಾಲು. ಜೆಪಿ ನಗರದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಬಿಲ್ಡಿಂಗ್. ಅದರ ಮೇಲಿನ ಖಾಲಿ ರೂಮು ನಮ್ಮ ಆಫೀಸು. ಲಾಗಿನ್ ಮಾತ್ರ ಬೇರೊಂದು ಕಂಪನಿಯದು. ಮೊದಲೇ ತಿಳಿಸಿಟ್ಟ ವೆಬ್ ವಿಳಾಸದಿಂದ ಬಂದವರನ್ನಷ್ಟೇ ಅವರು ಒಳಗೆ ಬಿಡುತ್ತಾರೆ. ಆ ಖಾತೆ ಗೆಳೆಯನ ಕೈಯಲ್ಲಿತ್ತು.

ಶುಕ್ರವಾರ ಹನ್ನೊಂದಕ್ಕೆ ಜಯನಗರದ ಒಂದು ಶಾಲೆಗೆ ಹೋದೆವು. ಹೆಡ್ ಮೇಡಂ ಒಪ್ಪಿದರೆ ಅಲ್ಲಿನ ಮಕ್ಕಳೇ ನಮ್ಮ ಮೊದಲ ಆಟಗಾರರು. ಗೆಳೆಯ ಶಾಲೆಯ ಕಂಪ್ಯೂಟರಿನಲ್ಲಿ ಆಟ ತೆರೆದ. ಲಾಗಿನ್ ಒತ್ತಿದ. 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.' ಏನು ತಪ್ಪು, ಯಾರ ತಪ್ಪು, ಒಂದಕ್ಷರ ಇಲ್ಲ. ನಾನು ನನ್ನ ಲ್ಯಾಪ್‌ಟಾಪ್ ತೆರೆದೆ. ಅದರಲ್ಲಿ ಆಟ ಸಲೀಸಾಗಿ ಓಡಿತು!

"ನಿಮ್ಮದರಲ್ಲಿ ಮಾತ್ರ ಬಂದ್ರೆ ನಮ್ಮ ಮಕ್ಳು ಆಡೋದು ಹೇಗಮ್ಮಾ?" ಅಂದರು ಮೇಡಂ.

ನಾನು ಬಾಯಿ ತೆರೆಯುವುದರೊಳಗೆ ಗೆಳೆಯ ಹೇಳಿಬಿಟ್ಟ: "ಕೋಡ್ ಎಲ್ಲಾ ಇವಳದ್ದೇ ಮೇಡಂ."

ಮೇಡಂ ನನ್ನನ್ನೊಮ್ಮೆ ನೋಡಿ, ಮುಂದಿನ ವರ್ಷ ನೋಡೋಣ ಅಂದರು.

ವಾಪಸ್ ಬಂದು ಮಧ್ಯಾಹ್ನವೆಲ್ಲ ನಾನು ಬರೆದದ್ದನ್ನು ನಾನೇ ಅನುಮಾನದಿಂದ ಓದಿದೆ. ಲಾಗಿನ್ ಕಂಪನಿಗೆ ಬರೆದರೆ ಒಂದು ಯಂತ್ರ ಉತ್ತರಿಸಿತು: ಬ್ರೌಸರ್ ಮುಚ್ಚಿ ತೆರೆಯಿರಿ. ಮುಚ್ಚಿದೆ, ತೆರೆದೆ. ನಾನು ಕೋಪದಲ್ಲಿದ್ದೇನೆ ಎಂದು ಬರೆದೆ. 'ನಿಮಗೆ ಸಹಾಯವಾಗಿದ್ದು ಸಂತೋಷ' ಎಂದಿತು. ಗೆಳೆಯ ಪಕ್ಕದಲ್ಲೇ ಕೂತು ಬೇಕರಿಯಿಂದ ತಂದ ಪಫ್ ತಿನ್ನುತ್ತಿದ್ದ. "ಬಿಡು ಮಗಾ, ಇನ್ನೊಬ್ರ ಹತ್ರ ಕೋಡ್ ಚೆಕ್ ಮಾಡ್ಸೋಣ," ಅಂತ ಉಪದೇಶ ಬೇರೆ.

ಆಂಟಿ, ಅಂದರೆ ಅವನ ಅಮ್ಮ, ಕಾಫಿ ತಂದಿಟ್ಟರು. "ರಾಹುಕಾಲದಲ್ಲಿ ತೋರ್ಸಿದ್ರಲ್ಲ ಕಣಮ್ಮಾ, ಇನ್ನೇನಾಗತ್ತೆ?"

"ಆಂಟಿ, ರಾಹುಕಾಲ ನನ್ನ ಲ್ಯಾಪ್‌ಟಾಪಿಗೆ ಮಾತ್ರ ರಜಾ ಕೊಟ್ಟಿತ್ತಾ?"

"ನಿನ್ ಜೊತೆ ಯಾರು ಮಾತಾಡ್ತಾರೆ!" ಅಂತ ಇಳಿದುಹೋದರು.

ಕೊನೆಗೆ ಅವನ ಫೋನು ಕಿತ್ತುಕೊಂಡು ಆಟ ತೆರೆದೆ. ಅದೇ ತಪ್ಪು. ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು ಹೋಲಿಸಿದೆ. ಮೇಲಿದ್ದ ವಿಳಾಸವೇ ಬೇರೆ.

"ಇದ್ಯಾವುದೋ ಇದು?"

"ಓ, ಅದಾ? ಹೊಸಾ ವಿಳಾಸ. ಬೆಳಗ್ಗೆ ಬದಲಾಯ್ಸಿದೆ. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಹೊಸದನ್ನ ಶುರು ಮಾಡ್ಬಿಡು ಅಂದ್ರು ಅಮ್ಮ."

ಹಳೆಯ ವಿಳಾಸವೂ ಓಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಹೊಸದರ ವಿಷಯ ನನಗೆ ಹೇಳಿಯೇ ಇರಲಿಲ್ಲ. ಅಂದರೆ ಆಟವನ್ನು ಕೆಡಿಸಿದ್ದು ರಾಹುಕಾಲವಲ್ಲ, ಅದನ್ನು ತಪ್ಪಿಸಿಕೊಳ್ಳುವ ಅವಸರ. ಈ ವಾದವನ್ನು ನಾನು ಯಾವ ವೇದಿಕೆಯಲ್ಲಿ ಬೇಕಾದರೂ ಗೆಲ್ಲುತ್ತೇನೆ. ಆದರೆ ಮೇಡಂ ಆ ವೇದಿಕೆಯ ಮುಂದೆ ಕೂತಿರುವುದಿಲ್ಲ.

"ಲಾಗಿನ್ ಖಾತೆ ತೆಗಿ," ಅಂದೆ. ತೆಗೆಯಬೇಕಾದ್ದೇ ಇರಲಿಲ್ಲ, ಅವನ ಲ್ಯಾಪ್‌ಟಾಪಿನಲ್ಲಿ ಆ ಪುಟ ಬೆಳಗಿನಿಂದ ತೆರೆದೇ ಇತ್ತು. ಹೊಸ ವಿಳಾಸವನ್ನು ಪೂರ್ತಿ ಟೈಪ್ ಮಾಡಿದ್ದ. ಸೇವ್ ಒತ್ತಿರಲಿಲ್ಲ, ಲಾಗಿನ್ ಕಂಪನಿಗೆ ಅದು ತಲುಪಿಯೇ ಇರಲಿಲ್ಲ.

ನಾನು ಒತ್ತಿದೆ. ಅವನ ಫೋನಿನಲ್ಲಿ ಕವಡೆ ಉರುಳಿದವು.

"ಅಷ್ಟರಲ್ಲಿ ಹತ್ತೂವರೆ ಆಗೋಯ್ತು," ಅಂದ, ಫೋನು ನೋಡುತ್ತಲೇ.

ಇರಲಿ, ರಾಹುಕಾಲದಲ್ಲಿ ಸೇವ್ ಒತ್ತಬಾರದು, ಒಪ್ಪಿದೆ. ಅದು ಹನ್ನೆರಡಕ್ಕೆ ಮುಗಿಯಿತಲ್ಲ? ಆಮೇಲೆ ಅಷ್ಟು ಹೊತ್ತು ನಾನು ನನ್ನ ಕೋಡನ್ನು ಬೈದುಕೊಂಡು ಹುಡುಕುತ್ತಿದ್ದಾಗ, ಪಕ್ಕದಲ್ಲೇ ಕೂತಿದ್ದ ನಿನಗೆ ಆ ಪುಟ ನಿಜವಾಗಿಯೂ ನೆನಪಿಗೆ ಬರಲಿಲ್ಲವೇನೋ?